ನೋಟ್ಸೂ ರೀಲ್ಸೂ ಒಂದೇ ಫೋನಲ್ಲಿ, ಎಂತ ಮಾಡುವುದು?

ಪ್ರಶ್ನೆ (ಉಪನ್ಯಾಸಕಿ, ಕಾರವಾರ)
ಅಂಕೋಲೆ ಕಡೆಯಿಂದ ದಿನಾ ಬಸ್ಸಲ್ಲಿ ಬಂದುಹೋಗುವ ಬಿ.ಎಸ್‌ಸಿ. ಮಕ್ಕಳ ವಿಷಯ. ನೋಟ್ಸು, ಇಂಟರ್ನಲ್ಸ್ ದಿನಾಂಕ, ಮಳೆಗಾಲದ ರಜೆ ಎಲ್ಲ ಕ್ಲಾಸಿನ ವಾಟ್ಸಾಪ್ ಗ್ರೂಪಿಗೇ ಬರುತ್ತದೆ. ಅದನ್ನು ನೋಡಲು ಫೋನ್ ಹಿಡಿದವರು ಇನ್‌ಸ್ಟಾಗ್ರಾಂ ಹೊಕ್ಕರೆ ಮುಕ್ಕಾಲು ತಾಸು ಹೊರಬರುವುದಿಲ್ಲ. ರಾತ್ರಿ ಒಂದರವರೆಗೆ ಎಚ್ಚರ, ಮೊದಲ ಪೀರಿಯಡ್ಡಿಗೆ ತೂಕಡಿಕೆ. ಆ್ಯಪ್ ತೆಗೆಸಿದರೂ ನಾಲ್ಕು ದಿನಕ್ಕೆ ಮತ್ತೆ ಹಾಕಿಕೊಳ್ಳುತ್ತಾರೆ. ಏನು ದಾರಿ?

ಉತ್ತರ 1
ಮೇಡಂ, ತಪ್ಪು ಮಕ್ಕಳದ್ದಷ್ಟೇ ಅಲ್ಲ, ನೋಟ್ಸು ಬರುವ ದಾರಿಯದ್ದೂ ಹೌದು. ಮೊದಲು ಅದನ್ನು ಸರಿಮಾಡಿ. ಪಿಡಿಎಫ್‌ಗಳು ಗ್ರೂಪಿಗೆ ಬೇಡ, ವಿಷಯಕ್ಕೊಂದು ಗೂಗಲ್ ಡ್ರೈವ್ ಫೋಲ್ಡರ್ ಮಾಡಿ. ಸೂಚನೆಗೆ ಬೇರೆ ಗ್ರೂಪ್ ಇರಲಿ, ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ. ‘ಓಕೆ ಮೇಡಂ’, ‘ಥ್ಯಾಂಕ್ಯೂ ಮೇಡಂ’ ಎಂದು ದಿನವಿಡೀ ಫೋನ್ ಸದ್ದುಮಾಡುವುದು ಅಲ್ಲಿಗೆ ನಿಲ್ಲುತ್ತದೆ. ಉಳಿದ ಗ್ರೂಪ್ ಮ್ಯೂಟ್, ಇನ್‌ಸ್ಟಾಗ್ರಾಂ ನೋಟಿಫಿಕೇಶನ್ ಪೂರ್ತಿ ಬಂದ್.

ಆಮೇಲೆ ಟೈಮರ್. ಆಂಡ್ರಾಯ್ಡ್‌ನ ಡಿಜಿಟಲ್ ವೆಲ್‌ಬೀಯಿಂಗ್‌ನಲ್ಲಿ (ಯಾವ ಆ್ಯಪ್ ಎಷ್ಟು ಹೊತ್ತು ನೋಡಿದೆವೆಂದು ತೋರಿಸುವ, ಅದಕ್ಕೆ ದಿನದ ಮಿತಿ ಹಾಕುವ ಸೆಟ್ಟಿಂಗ್) ಒಂದು ವಾರ ಏನೂ ಬದಲಿಸದೆ ಲೆಕ್ಕ ಮಾತ್ರ ನೋಡಲಿ. ಮೂರು ತಾಸು ನೋಡುವವರನ್ನು ಒಮ್ಮೆಲೇ 20 ನಿಮಿಷಕ್ಕೆ ಇಳಿಸಿದರೆ ಮರುದಿನವೇ ಟೈಮರ್ ಕಿತ್ತುಹಾಕುತ್ತಾರೆ. ವಾರಕ್ಕೆ ಅರ್ಧ ತಾಸಿನಂತೆ ಇಳಿಸಲಿ. ಒಂದು ಕಳ್ಳದಾರಿಯೂ ಉಂಟು: ಟೈಮರ್ ಮುಗಿದ ಮೇಲೆ ಕ್ರೋಮಿನಲ್ಲಿ ಅದೇ ಇನ್‌ಸ್ಟಾಗ್ರಾಂ ತೆರೆಯುತ್ತದೆ. ಅಲ್ಲಿಂದಲೂ ಲಾಗ್‌ಔಟ್ ಮಾಡಿಸಿ.

ಉತ್ತರ 2
ನನ್ನ ಮಟ್ಟಿಗೆ ಟೈಮರಿಗಿಂತ ಚಾರ್ಜರ್ ಇರುವ ಜಾಗ ಮುಖ್ಯ. ಪ್ಲಗ್ ತಲೆದಿಂಬಿನ ಪಕ್ಕವೇ ಇದ್ದರೆ ಯಾವ ಟೈಮರೂ ನಡೆಯದು. ಹತ್ತೂವರೆಗೆ ಫೋನ್ ಜಗಲಿಯಲ್ಲಿರಲಿ. ಅಲಾರಾಂ ನೆಪಕ್ಕೆ ಸಾದಾ ಗಡಿಯಾರ ಸಾಕು.

2018ರಲ್ಲಿ ಪ್ರಕಟವಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ 143 ವಿದ್ಯಾರ್ಥಿಗಳಿದ್ದರು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಕಟ್ಟಿಹಾಕಿದ ಗುಂಪಿನಲ್ಲಿ ಮೂರು ವಾರಕ್ಕೆ ಒಂಟಿತನ ತಗ್ಗಿತು, ಖಿನ್ನತೆ ಹೆಚ್ಚಿದ್ದವರಲ್ಲಿ ಅದೂ ಇಳಿಯಿತು. ಪೂರ್ತಿ ಬಿಡಿಸಿರಲಿಲ್ಲ ಎಂಬುದನ್ನು ಗಮನಿಸಿ.

ಆದರೆ ಫೋನಿನಿಂದ ನಿದ್ದೆಗೆಟ್ಟವರನ್ನೂ ನಿದ್ದೆ ಬಾರದೆ ಫೋನ್ ಹಿಡಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಎರಡು ವಾರ ಮಂಕಾಗಿದ್ದು, ಊಟ ಸೇರದೆ, ಕ್ಲಾಸ್ ತಪ್ಪಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿಸಿ. ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ 3
ಸಂಜೆಯ ಬಸ್ಸಿನ ಹೊತ್ತನ್ನು ರೀಲ್ಸಿಗೇ ಬಿಟ್ಟುಕೊಡಿ ಮೇಡಂ. ಇಂತಿಷ್ಟು ಜಾಗ ಅಂತ ಇದ್ದರೆ ಮನೆ ಮುಟ್ಟಿದ ಮೇಲೆ ಬೇಡ ಅನ್ನುವುದು ಸುಲಭ. ಬೆಳಗಿನ ಬಸ್ಸಲ್ಲಿ ಪಿಡಿಎಫ್ ಓದಿಸಬೇಡಿ, ತಿರುವಲ್ಲಿ ತಲೆ ಸುತ್ತುತ್ತದೆ. ಪಾಠದ ಆಡಿಯೊ ಕೇಳಲಿ.

ಪ್ರಶ್ನೆ ಕೇಳಿದವರು
ಮಳೆಗಾಲದಲ್ಲಿ ಒಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಇರುವುದಿಲ್ಲವಲ್ಲ, ಡ್ರೈವ್ ತೆರೆದೀತೇ?

ಉತ್ತರ 1
ಕಾಲೇಜು ಬಿಡುವ ಮೊದಲೇ ಫೈಲಿನ ಪಕ್ಕದ ಮೂರು ಚುಕ್ಕೆ ಒತ್ತಿ ಆಫ್‌ಲೈನ್ ಮಾಡಿಕೊಳ್ಳಲಿ. ಆಮೇಲೆ ಮನೆಯಲ್ಲಿ ಡೇಟಾ ಆಫ್ ಮಾಡಿಯೇ ಓದಬಹುದು.