ದುಬೈನಲ್ಲಿ ತಲೆಗೆ ಕಟ್ಟಿದ 25 ವರ್ಷದ ಪ್ಲಾನ್: ದೂರು ಯಾರ ಮೇಲೆ, ಎಲ್ಲಿ?

ದೇರಾ ನಿವಾಸಿ:
2019ರ ಕೊನೆಗೆ ದುಬೈನ ಬ್ರೋಕರ್ ಕಂಪನಿಯೊಂದರ ಮೂಲಕ ಮಾಡಿಸಿದ 25 ವರ್ಷದ ಸೇವಿಂಗ್ಸ್ ಪ್ಲಾನ್. ವಿಮಾ ಕಂಪನಿ ಬ್ರಿಟನ್ ಹತ್ತಿರದ ಚಾನೆಲ್ ಐಲೆಂಡ್ಸ್‌ನ ಗರ್ನ್ಸಿ ದ್ವೀಪದ್ದು. ತಿಂಗಳಿಗೆ 1,000 ಡಾಲರ್. ಎರಡು ವರ್ಷ ಕಟ್ಟಿದರೆ ಆಮೇಲೆ ಯಾವಾಗ ಬೇಕಾದರೂ ತೆಗೆಯಬಹುದು ಅಂದಿದ್ದರು. ಈಗ ನೋಡಿದರೆ ಸ್ಟೇಟ್‌ಮೆಂಟಿನ ಮೊತ್ತಕ್ಕಿಂತ ಸರೆಂಡರ್ ಮೊತ್ತ (ಅವಧಿಗೆ ಮೊದಲೇ ಪಾಲಿಸಿ ಮುರಿಸಿದರೆ ಕೈಗೆ ಬರುವ ಹಣ) ತೀರಾ ಕಡಿಮೆ. ಮಾರಿದ ಏಜೆಂಟ್ ಕೆಲಸ ಬಿಟ್ಟಿದ್ದಾನೆ. ಮುಂದಿನ ವರ್ಷ ಉಡುಪಿಗೆ ವಾಪಸ್. ದೂರು ಯಾರ ಮೇಲೆ ಕೊಡಬೇಕು? ಕಂತು ನಿಲ್ಲಿಸಬಹುದೇ?

ಪಾಲಿಸಿ ಓದುಗ:
ಸರ್, ಎರಡು ದೂರು ಬೇಕು. ತಪ್ಪು ಹೇಳಿ ಮಾರಿದ್ದು ಬ್ರೋಕರ್, ಚಾರ್ಜು ಹಿಡಿಯುತ್ತಿರುವುದು ವಿಮಾ ಕಂಪನಿ. ಒಂದೇ ಪತ್ರದಲ್ಲಿ ಸೇರಿಸಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿ ಕೂರುತ್ತಾರೆ. ಏಜೆಂಟ್ ಹೋದರೂ ಬ್ರೋಕರ್ ಕಂಪನಿಯ ಹೊಣೆ ಹೋಗುವುದಿಲ್ಲ.

ಪತ್ರಕ್ಕೆ ಮೊದಲು ದಾಖಲೆ. ಗರ್ನ್ಸಿಯ ಡೇಟಾ ರಕ್ಷಣೆ ಕಾನೂನಿನಡಿ ವಿಮಾ ಕಂಪನಿಯಿಂದ ನಿಮ್ಮ ಫೈಲ್ ಕೇಳುವ ಹಕ್ಕು ನಿಮಗಿದೆ. ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಬೇಕು. ಅರ್ಜಿ ಫಾರ್ಮ್, ರಿಸ್ಕ್ ಪ್ರೊಫೈಲ್ (ನೀವು ಎಷ್ಟು ಅಪಾಯ ತಡೆಯಬಲ್ಲಿರಿ ಎಂಬ ಫಾರ್ಮ್), ಇಲ್ಲಸ್ಟ್ರೇಶನ್ (ಮುಂದೆ ಎಷ್ಟು ಬರಬಹುದು ಎಂಬ ಅಂದಾಜು ಪಟ್ಟಿ), ಬ್ರೋಕರ್ ಜೊತೆಗಿನ ಈಮೇಲ್ ಎಲ್ಲವನ್ನೂ ಹೆಸರಿಸಿ ಕೇಳಿ. ಬ್ರೋಕರಿಗೆ ಕೊಟ್ಟ ಕಮಿಷನ್ ಎಷ್ಟು ಅಂತಲೂ ಕೇಳಿಬಿಡಿ. ಖಾಲಿ ಬಿಟ್ಟು ಸಹಿ ಹಾಕಿದ ಫಾರ್ಮನ್ನು ಆಮೇಲೆ ಬೇರೆಯವರು ತುಂಬಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ದೂರಿನಲ್ಲಿ "ಲಾಭ ಬರಲಿಲ್ಲ" ಅಂತ ಬರೆಯಬೇಡಿ. ಮಾರುಕಟ್ಟೆ ಇಳಿದರೆ ಅದು ಯಾರ ತಪ್ಪೂ ಅಲ್ಲ ಅಂತ ಮುಚ್ಚಿಬಿಡುತ್ತಾರೆ. ವೀಸಾ 2 ವರ್ಷದ್ದು, ಕರಾರು 25 ವರ್ಷದ್ದು: ಇದು ಸೂಕ್ತ ಅಂತ ಯಾವ ಆಧಾರದ ಮೇಲೆ ಸಲಹೆ ಕೊಟ್ಟಿರಿ? ಸರೆಂಡರ್ ಕಡಿತ ಯಾವ ಕಾಗದದಲ್ಲಿ ವಿವರಿಸಿದ್ದೀರಿ? ಹೀಗೆ ತಾರೀಖಿನ ಕ್ರಮದಲ್ಲಿ, ಹೇಳಿದ್ದೇನು, ಕಾಗದದಲ್ಲಿರುವುದೇನು ಅಂತ ಎದುರುಬದುರು ಇಡಿ. ಎಷ್ಟು ಹಣ ವಾಪಸ್ ಬೇಕು ಅಂತಲೂ ಬರೆಯಿರಿ. ಫೋನಿನಲ್ಲಿ ಹೇಳಿದ ದೂರಿಗೆ ಸಾಕ್ಷಿಯಿಲ್ಲ, ಈಮೇಲ್ ಮಾತ್ರ.

ಬ್ರೋಕರಿಗೆ ಯುಎಇ ಸೆಂಟ್ರಲ್ ಬ್ಯಾಂಕ್ ಲೈಸೆನ್ಸ್ ಇದ್ದರೆ ದೂರು ಕೊಟ್ಟು 30 ದಿನ ಕಾದು ಸನದಕ್‌ಗೆ (ಬ್ಯಾಂಕ್, ವಿಮೆ ದೂರು ಕೇಳುವ ಯುಎಇ ಸಂಸ್ಥೆ) ಹೋಗಿ. ದುಬೈನ ಹಣಕಾಸು ಫ್ರೀ ಝೋನ್ ಡಿಐಎಫ್‌ಸಿ ಒಳಗಿನ ಕಂಪನಿಯಾದರೆ ಅಲ್ಲಿನ ನಿಯಂತ್ರಕ ಡಿಎಫ್‌ಎಸ್‌ಎ. ವಿಮಾ ಕಂಪನಿಗೆ 3 ತಿಂಗಳ ಅವಕಾಶ. ಒಪ್ಪದಿದ್ದರೆ ಗರ್ನ್ಸಿಯ ಕಂಪನಿಗಳ ಮೇಲಿನ ದೂರನ್ನೂ ಕೇಳುವ ಚಾನೆಲ್ ಐಲೆಂಡ್ಸ್ ಫೈನಾನ್ಶಿಯಲ್ ಓಂಬುಡ್ಸ್‌ಮನ್. ಅದು ಉಚಿತ, ಪರಿಹಾರದ ಮಿತಿ 1,50,000 ಪೌಂಡ್. ಘಟನೆಯಿಂದ 6 ವರ್ಷ, ಅಥವಾ ದೂರಿಗೆ ಕಾರಣವಿದೆ ಎಂದು ಗೊತ್ತಾಗಬೇಕಿದ್ದ ದಿನದಿಂದ 2 ವರ್ಷ, ಯಾವುದು ಆಮೇಲೋ ಅದು ಗಡುವು. ಕಂಪನಿಯ ಕೊನೆಯ ಉತ್ತರ ಬಂದ ಮೇಲೆ 6 ತಿಂಗಳಷ್ಟೇ. ನಿಮ್ಮದು 2019ರ ಪಾಲಿಸಿ, ಒಂದು ವಾರವೂ ತಡ ಮಾಡಬೇಡಿ.

ಲೆಕ್ಕದ ಪುಸ್ತಕ:
ಕಂತು ನಿಲ್ಲಿಸುವ ಬಗ್ಗೆ ಬ್ರೋಕರನ್ನು ಕೇಳಬೇಡಿ. ಇಂಥ ಪ್ಲಾನುಗಳಲ್ಲಿ ಕಮಿಷನ್ ಪೂರ್ತಿ ಅವಧಿಯ ಮೇಲೆ ಲೆಕ್ಕ ಹಾಕಿ ಮುಂಗಡ ಕೊಟ್ಟಿರುತ್ತಾರೆ, ಬೇಗ ನಿಂತರೆ ಅದರಲ್ಲಿ ಪಾಲು ವಾಪಸ್ ಹೋಗುತ್ತದೆ. ನೇರ ವಿಮಾ ಕಂಪನಿಗೆ ಬರೆದು ಎರಡು ಅಂಕಿ ತರಿಸಿ: ಇವತ್ತಿನ ಸರೆಂಡರ್ ಮೊತ್ತ, ಮತ್ತು ಕಂತು ನಿಲ್ಲಿಸಿ ಹಣ ಬಿಟ್ಟರೆ ಅವಧಿ ಮುಗಿಯುವವರೆಗೆ ವರ್ಷಕ್ಕೆ ಬೀಳುವ ಎಲ್ಲ ಚಾರ್ಜು. ಹಲವು ಪ್ಲಾನುಗಳಲ್ಲಿ ಮೊದಲ 18–24 ತಿಂಗಳ ಕಂತು ಇನಿಶಿಯಲ್ ಯೂನಿಟ್ (ಹೆಚ್ಚಿನ ಚಾರ್ಜು ಬೀಳುವ ಆರಂಭದ ಪಾಲು) ಆಗಿ, ನೀವು ಕಟ್ಟಿದರೂ ಬಿಟ್ಟರೂ ಕೊನೆಯವರೆಗೆ ಸವೆಯುತ್ತಲೇ ಇರುತ್ತದೆ. ಉದಾಹರಣೆಗೆ ಅಂಥ 20,000 ಡಾಲರಿಗೆ ವರ್ಷಕ್ಕೆ 5% ಅಂದರೆ ಮೊದಲ ವರ್ಷವೇ 1,000 ಹೋಯಿತು. ಈಗಲೇ ಮುರಿಸಿದರೆ 30% ಕಡಿತ ಅಂತಿದ್ದರೂ ಅದು 6,000. ಇನ್ನೂ ಹದಿನೆಂಟು ವರ್ಷದ ಸವೆತದ ಮುಂದೆ ಅದೇ ವಾಸಿ. ಆಗಲೇ ಕಟ್ಟಿದ್ದನ್ನು ಈ ಲೆಕ್ಕಕ್ಕೆ ತರಬೇಡಿ.

ದೇರಾ ನಿವಾಸಿ:
ಬ್ರೋಕರ್ ಹೆಸರು ಫೇಸ್‌ಬುಕ್‌ನಲ್ಲಿ ಹಾಕಿದರೆ ಒತ್ತಡ ಬೀಳುವುದಿಲ್ಲವೇ?

ಪಾಲಿಸಿ ಓದುಗ:
ಖಂಡಿತ ಬೇಡ. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ಆನ್‌ಲೈನ್ ಮಾನಹಾನಿ ಕ್ರಿಮಿನಲ್ ಕೇಸು, ಆಗ ನೀವೇ ಆರೋಪಿ. ಮುಂಗಡ ಫೀ ಕೊಟ್ಟರೆ ಹಣ ವಾಪಸ್ ಕೊಡಿಸುತ್ತೇವೆ ಅಂತ ಬರುವ ಫೋನುಗಳನ್ನೂ ನಂಬಬೇಡಿ.

ಮಣಿಪಾಲ ತೆರಿಗೆ:
ಮುರಿಸುವುದಾದರೆ ಭಾರತದ ತೆರಿಗೆಗೆ ನೀವು ಅನಿವಾಸಿಯಾಗಿರುವ ಹಣಕಾಸು ವರ್ಷದಲ್ಲೇ ಮುರಿಸಿ, ಹಣ ವಿದೇಶದ ಖಾತೆಗೇ ಬರಲಿ. ಪಾಲಿಸಿ ಉಳಿಸಿಕೊಂಡೇ ಬಂದರೆ ವಿದೇಶಿ ವಿನಿಮಯ ಕಾಯ್ದೆ ಫೆಮಾದ ಸೆಕ್ಷನ್ 6(4) ಪ್ರಕಾರ ಇಟ್ಟುಕೊಳ್ಳಬಹುದು. ಆದರೆ ಆರ್‌ಎನ್‌ಒಆರ್ ಅವಧಿ (ವಾಪಸ್ ಬಂದವರಿಗೆ ತೆರಿಗೆಯಲ್ಲಿ ಸಿಗುವ ಮಧ್ಯಂತರ ನಿವಾಸಿ ಸ್ಥಾನ) ಮುಗಿದು ಪೂರ್ಣ ನಿವಾಸಿಯಾದ ವರ್ಷದಿಂದ ರಿಟರ್ನಿನಲ್ಲಿ ವಿದೇಶಿ ಆಸ್ತಿ ತೋರಿಸುವ ಷೆಡ್ಯೂಲ್ ಎಫ್‌ಎಯಲ್ಲಿ ತೋರಿಸಲೇಬೇಕು. ಬಿಟ್ಟರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿ ಒಟ್ಟು 20 ಲಕ್ಷ ಮೀರದಿದ್ದರೆ ಆ ದಂಡದಿಂದ ವಿನಾಯಿತಿ ಇದೆ, ತೋರಿಸುವ ಕರ್ತವ್ಯದಿಂದಲ್ಲ. ದುಬೈ ಬಿಡುವ ಮೊದಲು ಪಾಲಿಸಿಯಲ್ಲಿ ಈಮೇಲ್, ಉಡುಪಿ ವಿಳಾಸ, ಬ್ಯಾಂಕ್ ಖಾತೆ ಬದಲಿಸಿಕೊಳ್ಳಿ. ಅಲ್ಲಿನ ಖಾತೆ ಮುಚ್ಚಿದ ಮೇಲೆ ಪರಿಹಾರ ಮಂಜೂರಾದರೆ ಹಣ ಬರುವ ದಾರಿಯೇ ಇರುವುದಿಲ್ಲ.