ಕಾಡಿಗೆ ಒಯ್ಯೋ ಚಾಕು: ಚೇತುಗೆ, ಸುಮಕ್ಕಂಗೆ, ರಾಘು ಭಾವಂಗೆ ಒಟ್ಟಿಗೇ ಉತ್ತರ

ಚೇತು, ನೀನು ರಾತ್ರಿ ಗ್ರೂಪಿಗೆ ಹಾಕಿದ ಫೋಟೊ ನೋಡಿದೆ. ಬೆನ್ನಿನ ಮೇಲೆ ಗರಗಸದ ಹಲ್ಲು, ಟೊಳ್ಳು ಹಿಡಿ, ಹಿಡಿಯ ಮುಚ್ಚಳದಲ್ಲಿ ದಿಕ್ಸೂಚಿ, ಒಳಗೆ ಬೆಂಕಿಕಡ್ಡಿ, ಗಾಳ, ದಾರ. ಮೂಡಿಗೆರೆ ತೋಟದಲ್ಲಿ ಎರಡು ರಾತ್ರಿ ಟೆಂಟ್ ಹಾಕಿ, ಆಮೇಲೆ ಕುದುರೆಮುಖ ಹತ್ತೋಕೆ ಇದೊಂದು ಸಾಕಾ ಅಂತ ಕೇಳಿದ್ದೀಯ. ಅದಕ್ಕೆ ಸುಮಕ್ಕ "ಚಾಕುನೇ ಬೇಡ, ಪೊಲೀಸ್ರು ಹಿಡಿತಾರೆ" ಅಂದ್ರು. ರಾಘು ಭಾವ "ಲಾರಿ ಪಟ್ಟಿ ಕೊಟ್ಟು ಕಮ್ಮಾರನ ಹತ್ರ ಮಾಡಿಸು" ಅಂದ್ರು. ಮೂರಕ್ಕೂ ಒಟ್ಟಿಗೇ ಹೇಳ್ತೀನಿ. ಉದ್ದ ಆಗ್ತದೆ, ಆದ್ರೂ ಪೂರ್ತಿ ಕೇಳು.

ಫೋಟೊದಲ್ಲಿರೋದು ಬೇಡ. ಟೊಳ್ಳು ಹಿಡಿ ಅಂದ್ರೆ ಅಲಗಿನ ಕಬ್ಬಿಣ ಹಿಡಿಯೊಳಗೆ ಹೋಗಿಲ್ಲ, ಒಂದು ಗಿಡ್ಡ ತುಂಡನ್ನ ಕೊಳವೆಯ ಬಾಯಿಗೆ ನಟ್ ಹಾಕಿಯೋ ಪಿನ್ ಹೊಡೆದೋ ಕೂರಿಸಿರ್ತಾರೆ. ಜೋರಾಗಿ ಎರಡು ಏಟು ಬಿದ್ರೆ ಮೊದಲು ಸಡಿಲ ಆಗೋದು ಅದೇ ಜಾಗ. ಗರಗಸದ ಹಲ್ಲಿನಿಂದ ಮರ ಕೊಯ್ಯೋಕೂ ಆಗಲ್ಲ. ನಿಜವಾದ ಗರಗಸದಲ್ಲಿ ಹಲ್ಲು ಒಂದು ಆ ಕಡೆ ಒಂದು ಈ ಕಡೆ ಬಾಗಿರ್ತದೆ, ಹಾಗಾಗಿ ಪುಡಿ ಹೊರಗೆ ಬಂದು ದಾರಿ ಅಗಲ ಆಗ್ತದೆ. ಈ ಚಾಕುವಿನ ಹಲ್ಲು ನೆಟ್ಟಗೆ ನಿಂತಿರೋದ್ರಿಂದ ಅರ್ಧ ಇಂಚು ಇಳಿಯೋದ್ರೊಳಗೆ ಕಚ್ಚಿಕೊಂಡು ನಿಲ್ತದೆ. ಅಷ್ಟೇ ಅಲ್ಲ, ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟು ಒತ್ತೋಕೆ ಬರಲ್ಲ, ಬಡಿಗೆಯಿಂದ ಬಡಿದ್ರೆ ಬಡಿಗೆಯನ್ನೇ ಕಿತ್ತು ತಿಂತದೆ.

ಸುಮಕ್ಕ, ನಿಮ್ಮ ಮಾತಿಗೆ ಬರ್ತೀನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರೋ ಚೂರಿ ಕತ್ತಿಗಳು ಆಯುಧದ ಪಟ್ಟಿಯಲ್ಲಿವೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಅಂತ ಮಾಡಿದ್ದನ್ನ ಅದರಿಂದ ಬಿಟ್ಟಿದ್ದಾರೆ. ನಾನು ಹೇಳೋ ಚಾಕು ಅದರ ಅರ್ಧ ಉದ್ದ. ಆದ್ರೂ ಬಸ್ ಸ್ಟ್ಯಾಂಡಲ್ಲಿ, ಜಾತ್ರೆಯಲ್ಲಿ ಸೊಂಟಕ್ಕೆ ಸಿಕ್ಕಿಸ್ಕೊಂಡು ಓಡಾಡೋದು ಬೇಡವೇ ಬೇಡ. ಬ್ಯಾಗಿನ ತಳದಲ್ಲಿ ಬಟ್ಟೆ ಸುತ್ತಿ ಇಡಲಿ.

ಕಾಡಿನ ಕಾನೂನು ಇದಕ್ಕಿಂತ ಬಿಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಅನ್ನೋದರೊಳಗೆ ಚಾಕುನೂ ಸೇರಿದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಲಿಖಿತ ಅನುಮತಿ ಇಲ್ಲದೆ ಅದನ್ನ ಒಯ್ಯೋ ಹಾಗಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಮುತ್ತೋಡಿ ಭದ್ರಾ ಅಭಯಾರಣ್ಯಕ್ಕೆ ಸೇರಿದ್ದು, ಕುಮಾರಪರ್ವತ ಪುಷ್ಪಗಿರಿ ಅಭಯಾರಣ್ಯದೊಳಗಿದೆ. ಹಾಗಾಗಿ ಚೇತು, ಕುದುರೆಮುಖ ಹತ್ತೋ ದಿನ ಚಾಕು ಹೋಂಸ್ಟೇ ರೂಮಲ್ಲೇ ಇರಲಿ. ಅಲ್ಲಿ ಒಲೆ ಹಚ್ಚೋ ಹಾಗೂ ಇಲ್ಲ, ರಾತ್ರಿ ಉಳಿಯೋ ಹಾಗೂ ಇಲ್ಲ. ಅವತ್ತು ನಿನ್ನನ್ನ ಕಾಪಾಡೋದು ಸೀಟಿ, ತಲೆಗೆ ಕಟ್ಟೋ ಟಾರ್ಚು, ಮಳೆ ಕೋಟು, ಜೊತೆಗೆ ಬರೋ ಗೈಡು. ಚಾಕು ಬೇಕಾಗೋದು ತೋಟದ ಕ್ಯಾಂಪಿಗೆ.

ಈಗ ಮುಖ್ಯ ವಿಷಯ. ನಮ್ಮ ಮಲೆನಾಡಲ್ಲಿ ಕಷ್ಟಕ್ಕೆ ಸಿಕ್ಕಿದವನಿಗೆ ಚಾಕು ಮಾಡಿಕೊಡೋ ದೊಡ್ಡ ಕೆಲಸ ಒಂದೇ: ಒದ್ದೆ ಮರದೊಳಗಿನ ಒಣ ಮರ ತೆಗೆಯೋದು. ಮಳೆಗಾಲದಲ್ಲಿ ನೆಲದ ಮೇಲೆ ಬಿದ್ದ ಕಡ್ಡಿ ಎಲ್ಲಾ ನೀರು ಕುಡಿದಿರ್ತದೆ, ಲೈಟರ್ ಇದ್ರೂ ಹತ್ತಲ್ಲ. ಆದ್ರೆ ನಿಂತಲ್ಲೇ ಒಣಗಿದ ಅಥವಾ ಬೇರೆ ಗಿಡದ ಮೇಲೆ ಸಿಕ್ಕಿಕೊಂಡಿರೋ ಕೊಂಬೆ, ಮಣಿಕಟ್ಟಿನಷ್ಟು ದಪ್ಪದ್ದು, ಅದರ ಸಿಪ್ಪೆ ಮತ್ತು ಹೊರಪದರ ನೆನೆದಿದ್ರೂ ನಡುವಿನ ತಿರುಳು ಒಣಗೇ ಇರ್ತದೆ. ಅದನ್ನ ಸೀಳಿ, ಒಳಗಿನ ಭಾಗ ಹೆರೆದು ತೆಗೆಯೋಕೆ ಎಂಥ ಚಾಕು ಬೇಕೋ ಅಂಥದ್ದೇ ನಿನ್ನ ಚಾಕು. ಲಂಟಾನ ಸವರೋದು, ಬಿದಿರು ಕಡಿಯೋದು ಕತ್ತಿಯ ಕೆಲಸ. ತೋಟದಲ್ಲಿ ಆಳುಗಳ ಹತ್ರ ಕತ್ತಿ ಇದ್ದೇ ಇರ್ತದೆ. ಎರಡೂ ಕೆಲಸಕ್ಕೆ ಒಂದೇ ಸಾಮಾನು ಅಂತ ಹೊರಟವರು ಹತ್ತಿಂಚಿನ ಚಾಕು ತಗೋತಾರೆ, ಕಡಿಯೋಕೆ ಹಗುರ, ಹೆರೆಯೋಕೆ ಭಾರ, ಯಾವುದಕ್ಕೂ ಸಲ್ಲಲ್ಲ.

ಅಲಗು 10ರಿಂದ 12 ಸೆಂಟಿಮೀಟರ್ ಸಾಕು. ದಪ್ಪ 3ರಿಂದ 4 ಮಿಲಿಮೀಟರ್. 2 ಮಿಲಿಮೀಟರಿಂದು ತರಕಾರಿಗೆ ಚೆನ್ನ, ಸೀಳೋವಾಗ ತಿರುಚ್ಕೊಳ್ತದೆ. 5, 6 ಆದ್ರೆ ಬೆಣೆಯ ಹಾಗೆ ಮರ ಬಿಡಿಸ್ತದೆ ನಿಜ, ತೆಳ್ಳಗೆ ಹೆರೆಯೋಕೆ ಬರಲ್ಲ. ಮಡಚೋ ಚಾಕು ಬೇಡ, ಅದರ ಕೀಲು ಬಡಿತ ತಡೆಯಲ್ಲ. ಹಣ್ಣು ಹೆಚ್ಚೋಕೆ, ಬ್ಯಾಂಡೇಜ್ ಕತ್ತರಿಸೋಕೆ ಸಣ್ಣದೊಂದು ಜೇಬಲ್ಲಿ ಇದ್ರೆ ಇರಲಿ. ಅಲಗಿನ ಕಬ್ಬಿಣ ಹಿಡಿಯ ಕೊನೆವರೆಗೂ ಹೋಗಿರ್ಬೇಕು, ಫುಲ್ ಟ್ಯಾಂಗ್ ಅಂತ ಬರೆದಿರ್ತಾರೆ. ಬರೆದದ್ದನ್ನ ನಂಬಬೇಡ, ಹಿಡಿಯ ಎರಡು ಹೋಳಿನ ನಡುವೆ ಕಬ್ಬಿಣದ ಗೆರೆ ಸುತ್ತಲೂ, ಇಲ್ಲಾಂದ್ರೆ ಹಿಡಿಯ ತಳದಲ್ಲಾದ್ರೂ ಕಾಣ್ತದಾ ನೋಡು. ಬೆನ್ನು ನೆಟ್ಟಗಿರ್ಬೇಕು, ಅದರ ಅಂಚು ಚೂಪು ಮೂಲೆಯಾಗಿ ನಿಂತಿರ್ಬೇಕು. ಫೆರೋ ರಾಡ್, ಅಂದ್ರೆ ಗೀರಿದ್ರೆ ಕಿಡಿ ಹಾರಿಸೋ ಲೋಹದ ಕಡ್ಡಿ, ಅದನ್ನ ಗೀರೋದು ಆ ಮೂಲೆಯಿಂದ. ಉಜ್ಜಿ ದುಂಡಗೆ ಮಾಡಿದ ಬೆನ್ನಿನಲ್ಲಿ ರಾಡ್ ಬರೀ ಜಾರ್ತದೆ, ಆಗ ಜನ ಚಾಕುವಿನ ಬಾಯಿಯಿಂದಲೇ, ಅಂದ್ರೆ ಕೊಯ್ಯೋ ಅಂಚಿನಿಂದಲೇ ಗೀರಿ ಹರಿತ ಹಾಳು ಮಾಡ್ಕೊಳ್ತಾರೆ.

ಅಂಗಡಿಯದ್ದೇ ಬೇಕಂದ್ರೆ ಸ್ವೀಡನ್ನಿನ ಮೋರಾ ನೋಡು. ಕಂಪ್ಯಾನಿಯನ್ ಅನ್ನೋದು ಹಗುರ, ಅಲಗು 2.5 ಮಿಲಿಮೀಟರ್, ಹೆರೆಯೋಕೆ ಅದರಷ್ಟು ಹಿತವಾದದ್ದು ಕಮ್ಮಿ. ಆದ್ರೆ ಕಬ್ಬಿಣ ಹಿಡಿಯ ಕೊನೆ ಮುಟ್ಟಿಲ್ಲ, ಹಾಗಾಗಿ ಎರಡು ಬೆರಳು ದಪ್ಪದ ಕಡ್ಡಿ ಸೀಳಬಹುದು, ಅದಕ್ಕಿಂತ ದಪ್ಪಕ್ಕೆ ಹೋಗಬಾರದು. ಗಾರ್ಬರ್ಗ್ ಅನ್ನೋದು 3.2 ಮಿಲಿಮೀಟರ್, ಅಲಗು ಹತ್ರಹತ್ರ 11 ಸೆಂಟಿಮೀಟರ್, ಕಬ್ಬಿಣ ಪೂರ್ತಿ ಹೋಗಿದೆ, ಬೆನ್ನು ಕಿಡಿಗೆ ಅಂತಲೇ ಮೂಲೆ ಹೊಡೆದದ್ದು. ಬೆಲೆ ಜಾಸ್ತಿ. ಉಕ್ಕಿನ ಹೆಸರು ನೋಡಿ ತಲೆ ಕೆಡಿಸ್ಕೋಬೇಡ. ಬೆಂಗಳೂರಲ್ಲಿದ್ದು ಆರು ತಿಂಗಳಿಗೊಮ್ಮೆ ಚಾಕು ತೆಗೆಯೋ ನಿನಗೆ ಸ್ಟೇನ್‌ಲೆಸ್ಸೇ ಸರಿ. ಕಾರ್ಬನ್ ಉಕ್ಕು ಬೇಗ ಹರಿತ ಆಗ್ತದೆ, ಆದ್ರೆ ಜುಲೈ ತಿಂಗಳ ತೋಟದಲ್ಲಿ ರಾತ್ರಿ ಒದ್ದೆ ಇಟ್ರೆ ಬೆಳಿಗ್ಗೆಗೆ ಕಂದು ಮಚ್ಚೆ ಎದ್ದಿರ್ತದೆ. ದಿನಾ ಒರೆಸಿ ಎಣ್ಣೆ ಹಚ್ಚೋರಿಗೆ ಮಾತ್ರ ಅದು.

ರಾಘು ಭಾವ, ನೀವು ಹೇಳಿದ್ದು ಒಳ್ಳೇ ದಾರಿ. ಲಾರಿಯ ಸ್ಪ್ರಿಂಗ್ ಪಟ್ಟಿ ಗಟ್ಟಿ ಉಕ್ಕು, ಒಳ್ಳೇ ಕುಲುಮೆಯಲ್ಲಿ ಅದರಿಂದ ಅಂಗಡಿ ಚಾಕುವನ್ನ ಮೀರಿಸೋದು ಬರ್ತದೆ. ಕೆಡೋದು ಮೂರು ಕಡೆ. ಒಂದು, ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರ್ತದೆ, ಅದೇ ಆಮೇಲೆ ಅಲಗಿನ ನಡುವೆ ಬಂದು ಕೂರ್ತದೆ. ಬೋಲ್ಟಿನ ತೂತಿನ ಸುತ್ತಲಿನ ಭಾಗ ಬಿಟ್ಟು ಬೇರೆ ತುಂಡು ಆರಿಸಿ. ಎರಡು, ಹದ. ಕತ್ತಿಗೆ ಹಾಕೋ ಹಾಗೆ ಕೆಂಪಗೆ ಕಾದದ್ದನ್ನ ತಣ್ಣೀರಿಗೆ ಅದ್ದಿದ್ರೆ ಈ ಉಕ್ಕು ಸೀಳೋ ಸಾಧ್ಯತೆ ಹೆಚ್ಚು, ಬಿಸಿ ಎಣ್ಣೆಯಲ್ಲಿ ಅದ್ದಬೇಕು. ಅದ್ದಿದ ಮೇಲೆ ಹಾಗೇ ಬಿಟ್ರೆ ಗಾಜಿನಷ್ಟು ಪೆಡಸು, ಕಲ್ಲಿನ ಮೇಲೆ ಬಿದ್ರೆ ತುದಿ ಹಾರ್ತದೆ. ಮತ್ತೆ 200 ಡಿಗ್ರಿ ಆಸುಪಾಸಲ್ಲಿ ಎರಡು ಗಂಟೆ ಕಾಯಿಸಿ ಇಳಿಸಬೇಕು, ಉಜ್ಜಿ ಬೆಳ್ಳಗೆ ಮಾಡಿದ ಜಾಗ ಒಣ ಹುಲ್ಲಿನ ಹಳದಿ ಬಣ್ಣಕ್ಕೆ ಬಂದ್ರೆ ಸರಿ. ನೀಲಿಗೆ ಹೋದ್ರೆ ಬಾಯಿ ಮೆತ್ತಗಾಗಿ ಮಡಚ್ಕೊಳ್ತದೆ. ಮೂರು, ಹದ ಮುಗಿದ ಮೇಲೆ ಗ್ರೈಂಡರ್ ಹಿಡಿಯೋದು. ಹೊಳಪಿಗೆ ಅಂತ ಎರಡು ನಿಮಿಷ ಹಿಡಿದ್ರೂ ತೆಳ್ಳನೆ ಬಾಯಿ ಕಾದು ನೀಲಿ ಗೆರೆ ಬರ್ತದೆ, ಹಾಕಿದ ಹದ ಎಲ್ಲಾ ಅಲ್ಲೇ ಹೋಯ್ತು. ಪ್ರತಿ ಸಲ ನೀರಲ್ಲಿ ಅದ್ದಿ ಅದ್ದಿ ಉಜ್ಜೋಕೆ ಹೇಳಿ. ತಗೊಳ್ಳೋ ಮೊದಲು ಸಣ್ಣ ಹಲ್ಲಿನ ಹೊಸ ಅರ (ಕಬ್ಬಿಣ ಉಜ್ಜೋ ಫೈಲ್) ತಂದು ಬಾಯಿಯ ಹತ್ರ ಒಂದು ಸಲ ಎಳೆದು ನೋಡಿ. ಅರ ಜಾರ್ಬೇಕು, ಹೆಚ್ಚಂದ್ರೆ ಅಲ್ಲಲ್ಲಿ ಕಚ್ಚಬಹುದು. ಬೆಣ್ಣೆ ಕೆರೆದಂಗೆ ಪುಡಿ ಬಂದ್ರೆ ವಾಪಸ್ ಕೊಡಿ.

ಹಿಡಿ ತೇಗದ್ದು, ಬೀಟೆಯದ್ದು ಇರಲಿ, ಅಡ್ಡ ಕೊಯ್ದರೆ ಮೊಟ್ಟೆ ಆಕಾರ ಬರ್ಬೇಕು, ಕತ್ತಲೆಯಲ್ಲೂ ಬಾಯಿ ಯಾವ ಕಡೆ ಅಂತ ಕೈಗೇ ಗೊತ್ತಾಗ್ತದೆ. ಪೂರ್ತಿ ದುಂಡು ಹಿಡಿ ಒದ್ದೆ ಕೈಯಲ್ಲಿ ತಿರುಗ್ತದೆ. ಉದ್ದ ನಿನ್ನ ಅಂಗೈಗಿಂತ ಒಂದು ಬೆರಳು ಜಾಸ್ತಿ. ಪಾಲಿಶ್ ಬೇಡ, ಅಗಸೆ ಎಣ್ಣೆ ಕುಡಿಸಿದ್ರೆ ಸಾಕು. ಕಡವೆ ಕೊಂಬಿನ ಹಿಡಿ ಕೊಡ್ತೀನಿ ಅಂತ ಯಾರಾದ್ರೂ ಹೇಳಿದ್ರೆ ಮುಟ್ಟಬೇಡ, ಅದು ವನ್ಯಜೀವಿ ಕಾಯ್ದೆಯ ಕೇಸು.

ಒರೆ ಬಗ್ಗೆ ಯಾರೂ ಯೋಚನೆ ಮಾಡಲ್ಲ, ಗಾಯ ಆಗೋದು ಮಾತ್ರ ಅಲ್ಲಿಂದಲೇ. ಚಾಕು ಹಾಕಿ ತಲೆಕೆಳಗೆ ಹಿಡಿದು ಜೋರಾಗಿ ಕೊಡವು, ಬೀಳಬಾರದು. ಚರ್ಮದ ಒರೆ ನೋಡೋಕೆ ಚೆನ್ನ, ನಮ್ಮ ಮಳೆಗೆ ನೀರು ಹಿಡಿದಿಟ್ಕೊಂಡು ತುಕ್ಕು ತರಿಸ್ತದೆ. ತಳದಲ್ಲಿ ನೀರು ಹೋಗೋಕೆ ತೂತು ಇರೋ ಗಟ್ಟಿ ಪ್ಲಾಸ್ಟಿಕ್ಕೇ ಒಳ್ಳೇದು. ಬೆಲ್ಟಿಗೆ ಹಾಕೋದು ಪಕ್ಕದಲ್ಲಿ, ಸ್ವಲ್ಪ ಹಿಂದಕ್ಕೆ. ತೊಡೆಯ ಮುಂದೆ, ಹೊಟ್ಟೆಯ ಮುಂದೆ ಬೇಡ. ಜಾರಿ ಬೀಳೋ ಜಾಗದಲ್ಲಿ ನಡೀತಾ ಇರ್ತೀಯ.

ಸೀಳೋ ಕ್ರಮ ಹೇಳ್ತೀನಿ, ತೋಟದಲ್ಲಿ ಮಾಡಿ ನೋಡು. ಮರಗಸಿ, ಅಂದ್ರೆ ನೆರಳಿನ ಮರದ ಕೊಂಬೆ ಸವರೋ ಕೆಲಸ ಆದಾಗ ಕಡಿದು ಈಗ ಒಣಗಿರೋ ಸಿಲ್ವರ್ ಓಕ್ ಕೊಂಬೆ ಸಿಗ್ತದೆ. 4, 5 ಸೆಂಟಿಮೀಟರ್ ದಪ್ಪ, ಒಂದಡಿ ಉದ್ದ, ಗಂಟಿಲ್ಲದ ತುಂಡು. ಅದನ್ನ ಇನ್ನೊಂದು ದಪ್ಪ ಮರದ ಮೇಲೆ ನೆಟ್ಟಗೆ ನಿಲ್ಲಿಸು. ಕಲ್ಲಿನ ಮೇಲೆ ಬೇಡ, ಕೊನೇ ಏಟಿಗೆ ಬಾಯಿ ಕಲ್ಲಿಗೆ ಬಡೀತದೆ. ಮಂಡಿಯೂರಿ ಕೂತ್ಕೋ, ತುಂಡು ನಿನ್ನ ಮಂಡಿಗಿಂತ ಆಚೆ ಇರಲಿ, ಒಂದು ಮಾರು ದೂರದೊಳಗೆ ಯಾರೂ ಇರಬಾರದು. ಬಾಯಿಯನ್ನ ತುಂಡಿನ ತಲೆ ಮೇಲೆ ಅಡ್ಡ ಇಟ್ಟು, ತುದಿ ಎರಡು ಬೆರಳಷ್ಟು ಆಚೆ ಬರೋ ಹಾಗೆ ಮಾಡು. ಹಸಿ ಮರದ ಬಡಿಗೆಯಿಂದ ಮೊದಲು ನಡು ಬೆನ್ನಿಗೆ, ಚಾಕು ಒಳಗೆ ಇಳಿದ ಮೇಲೆ ಹೊರಗೆ ಕಾಣೋ ತುದಿಗೆ ಬಡಿ. ಹಿಡಿಗೆ ಯಾವತ್ತೂ ಬಡೀಬೇಡ. ಮಧ್ಯ ಗಂಟು ಸಿಕ್ಕಿ ನಿಂತ್ರೆ ಅಲುಗಾಡಿಸಿ ತಿರುಚಬೇಡ, ಬಾಯಿ ಚೂರಾಗೋದು ಆಗಲೇ. ತುಂಡನ್ನ ತಿರುಗಿಸಿ ಇನ್ನೊಂದು ಕಡೆಯಿಂದ ಶುರು ಮಾಡು. ನಾಲ್ಕು ಹೋಳಾದ ಮೇಲೆ ಒಳಗಿನ ಮೂಲೆ ಬೆಳ್ಳಗೆ ಒಣಗಿರ್ತದೆ. ಆ ಮೂಲೆಯನ್ನ ಕಡ್ಡಿಗೆ ಅಂಟಿಕೊಂಡೇ ಇರೋ ಹಾಗೆ ಸುರುಳಿ ಸುರುಳಿಯಾಗಿ ಹೆರೆ. ಸುರುಳಿ ಕಾಗದದಷ್ಟು ತೆಳ್ಳಗಿದ್ರೆ ಒಂದೇ ಬೆಂಕಿಕಡ್ಡಿಗೆ ಹತ್ಕೊಳ್ತದೆ, ದಪ್ಪ ಇದ್ರೆ ಕಪ್ಪಾಗಿ ಆರ್ತದೆ. ಇಂಥ ಕಡ್ಡಿ ಐದಾರು ರೆಡಿ ಆಗೋವರೆಗೂ ಲೈಟರ್ ತೆಗೀಬೇಡ.

ಮರ ಆರಿಸೋವಾಗ ಹೊಳಗೇರು, ಕರಿಗೇರು ಜಾತಿ ಬಿಟ್ಟುಬಿಡು. ಸಿಪ್ಪೆ ಕಡಿದ ಜಾಗದಲ್ಲಿ ಬರೋ ರಸ ಗಾಳಿಗೆ ಕಪ್ಪಗಾದ್ರೆ ಅದೇ. ಮೈಗೆ ತಾಗಿದ್ರೆ ಗುಳ್ಳೆ ಏಳ್ತದೆ, ಹೊಗೆಯೂ ಆಗಲ್ಲ. ಗುರುತು ಸಿಗದಿದ್ರೆ ತೋಟದವರನ್ನ ಕೇಳಿ ಕಡಿ.

ಮಸೆಯೋಕೆ ಎರಡು ಬದಿಯ ಕಾರ್ಬೊರಂಡಂ ಕಲ್ಲು ಸಾಕು. ನೀರು ಹಾಕು, ಮೋರಾ ಥರದ್ದಾದ್ರೆ ಬಾಯಿಯ ಅಗಲ ಇಳಿಜಾರನ್ನ ಕಲ್ಲಿಗೆ ಪೂರ್ತಿ ಮಲಗಿಸಿ ತಳ್ಳು, ಕೋನ ಅದೇ ತೋರಿಸ್ತದೆ. ಬೇರೆಯದಾದ್ರೆ 20 ಡಿಗ್ರಿ. ಚಾಕು ನೆಟ್ಟಗೆ ನಿಲ್ಲಿಸಿ, ಅರ್ಧ ಬಾಗಿಸಿ, ಮತ್ತೆ ಅದರರ್ಧ ಬಾಗಿಸಿದ್ರೆ ಹತ್ರಹತ್ರ ಅಷ್ಟು ಬರ್ತದೆ. ಒಂದು ಬದಿ ಮಸೆದಾಗ ಇನ್ನೊಂದು ಬದಿಯಲ್ಲಿ ಸಣ್ಣ ಏಣು ಬೆರಳಿಗೆ ತಾಗಬೇಕು, ಆಗ ಬದಿ ಬದಲಿಸು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ಹತ್ತು ಸಲ ಎಳೆ. ನ್ಯೂಸ್ ಪೇಪರ್ ಹರಿಯದೆ ಕೊಯ್ದ್ರೆ ಸರಿ. ಮೊಂಡು ಚಾಕುವಿಗೆ ಜಾಸ್ತಿ ಒತ್ತಬೇಕಾಗ್ತದೆ, ಒತ್ತಿದ್ದು ಜಾರಿದ್ರೆ ಗಾಯ ಆಳ. ಕೆಲಸ ಮುಗಿದ ಮೇಲೆ ಒರೆಸಿ ತೆಳ್ಳಗೆ ಕೊಬ್ಬರಿ ಎಣ್ಣೆ. ಮನೆಯಲ್ಲಿ ಇಡೋವಾಗ ಒರೆಯಿಂದ ಹೊರಗೆ ತೆಗೆದು ಇಡು.

ಇನ್ನೊಂದು ಮಾತು ಗ್ರೂಪಲ್ಲಿರೋ ಎಲ್ಲಾ ಮಕ್ಕಳಿಗೂ. ಹಾವು ಕಚ್ಚಿದ ಜಾಗವನ್ನ ಚಾಕುವಿನಿಂದ ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು. ಉಂಗುರ, ಗಡಿಯಾರ ಬಿಚ್ಚಿ, ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಕೋಲು ಕಟ್ಟಿ, ನಡೆಸದೆ ಎತ್ಕೊಂಡು ಆಸ್ಪತ್ರೆಗೆ, 108ಕ್ಕೆ ಫೋನು. ಚಾಕುವಿನದ್ದೇ ಗಾಯ ಆದ್ರೆ ಶುದ್ಧ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡೀಬೇಕು, ಮಧ್ಯೆ ಮಧ್ಯೆ ತೆಗೆದು ನೋಡಬಾರದು. ಚೇತು, ಒರೆಯ ಜೊತೆಗೇ ಒಂದು ಗಾಜ್ ಬ್ಯಾಂಡೇಜ್ ಸುರುಳಿ, ಜಿಪ್ ಕವರಲ್ಲಿ ಲೈಟರು ಇರಲಿ. ಕೊಳ್ಳೋ ಮೊದಲು ಚಾಕುವಿನ ಬೆನ್ನು, ಹಿಡಿಯ ಅಂಚು ಎರಡೂ ಕಾಣೋ ಹಾಗೆ ಫೋಟೊ ತೆಗೆದು ಇಲ್ಲೇ ಹಾಕು, ನೋಡಿ ಹೇಳ್ತೀನಿ.