ನಮ್ಮ ಬೆಟಗೇರಿ ಸಭೆ ಲೂಥರನ್ ಸಭೆಯೇನ್ರಿ?

ಬೆಟಗೇರಿ ಹುಡುಗಿ
ನಮಸ್ಕಾರ್ರಿ. ನಮ್ಮ ಕ್ರೈಸ್ತ ಸಭೆಯ ಇತಿಹಾಸ ಬರಿ ಅಂತ ಸಭಾ ಹಿರಿಯರು ನನಗ ಹೇಳ್ಯಾರ. ಅಜ್ಜಿ ಯಾವಾಗ್ಲೂ "ನಾವು ಲೂಥರ್‌ನವ್ರು" ಅಂತಿದ್ಳು. ಬೋರ್ಡಿನ ಮ್ಯಾಲೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಅಂತ ಐತಿ. ಊರ ಮಂದಿ ದವಾಖಾನಿಗೆ ಇನ್ನೂ ಜರ್ಮನ್ ದವಾಖಾನಿ ಅಂತಾರ. ಮೊದಲನೇ ಸಾಲಿನಾಗ ಏನಂತ ಬರೀಲಿ?

ಹುಬ್ಬಳ್ಳಿಯವ
ಜರ್ಮನ್ರು ಕಟ್ಟಿದ್ದಂದ್ರ ಲೂಥರನ್. ಸೀದಾ ಬರೀರಿ.

ಧಾರವಾಡದ ನಿವೃತ್ತ ಮಾಸ್ತರ
ಅಷ್ಟು ಸೀದಾ ಇಲ್ಲ ತಮ್ಮಾ.

ತಂಗಿ, ನಿಮ್ಮಜ್ಜಿ ಹೇಳಿದ್ದು ಅರ್ಧ ಖರೆ. ನಿಮ್ಮ ಸಭೆ ಕಟ್ಟಿದ್ದು ಬಾಸೆಲ್ ಮಿಷನ್ ಅನ್ನೋ ಮಿಷನರಿ ಸಂಸ್ಥೆ. ಅದು ಹುಟ್ಟಿದ್ದು 1815ರಾಗ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಾಗ. ಆಗ ಅದು ರಿಫಾರ್ಮ್ಡ್ ಮಂದಿಯ, ಅಂದ್ರ ಲೂಥರನ್ನರಿಗಿಂತ ಬ್ಯಾರೆ ಪ್ರಾಟೆಸ್ಟಂಟ್ ಪಂಥದವ್ರ ಊರು. ಆದ್ರ ಅಲ್ಲಿ ಕಲ್ತು ಇಲ್ಲಿಗೆ ಬಂದವ್ರಾಗ ಭಾಳ ಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮಿಯ ಲೂಥರನ್ನರು. 1529ರಾಗ ಮಾರ್ಬುರ್ಗ್‌ನಾಗ ಲೂಥರನ್ನರ ಮೂಲಪುರುಷ ಲೂಥರ್ ಮತ್ತ ರಿಫಾರ್ಮ್ಡ್ ಕಡೆಯ ಜ್ವಿಂಗ್ಲಿ ಕೂತು ಉಳಿದಿದ್ದೆಲ್ಲಾ ಒಪ್ಪಿದ್ರು, ಕರ್ತನ ಭೋಜನದ (ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರದ) ಮಾತಿಗೆ ಬಂದು ಮುರಕೊಂಡ್ರು. ಆ ಎರಡೂ ಕಡೆಯವ್ರನ್ನ ಈ ಮಿಷನ್ ಒಂದ ಸೂರಿನ ಕೆಳಗ ಇಟ್ಟಿತು. ಹಿಂಗಾಗಿ "ಬಾಸೆಲ್ ಮಿಷನ್ ಸಭೆ" ಅಂತ ಬರಿ, ಅಜ್ಜಿ ಮಾತನ್ನೂ ಕೆಳಗ ಸೇರಸು. 1834ಕ್ಕ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ನಿಮ್ಮ ಬೆಟಗೇರಿ. ಸಿ.ಎಸ್.ಐ. ಹುಟ್ಟಿದ್ದು 1947ರಾಗ.

ನನ್ನ ಮನಸಿನ ಮಾತು ಬ್ಯಾರೆ ಐತಿ. ಇಂಥಾ ಪುಸ್ತಕ ಬರೆಯೋವ್ರು ಬಿಳಿ ಮಿಷನರಿ ದೊರೆಗಳ ಹೆಸರು ಸಾಲಾಗಿ ಇಟ್ಟು ಕೈ ತೊಳಕೋತಾರ. ಸಭೆ ಉಳಿಸಿದವ್ರು ಬೋಧನೆ ಮಾಡೋ ನಮ್ಮ ದೇಶದ ಉಪದೇಶಿಗಳು. 1914ರಾಗ ಯುದ್ಧ ಹತ್ತಿದ ಮ್ಯಾಲೆ ಜರ್ಮನ್ ಮಿಷನರಿಗಳನ್ನ ಬ್ರಿಟಿಷರು ವೈರಿಗಳಂತ ಅಹಮದನಗರದ ಕ್ಯಾಂಪಿನಾಗ ಇಟ್ರು, ಆಮ್ಯಾಲೆ ಅವರ ದೇಶಕ್ಕ ಕಳಿಸಿಬಿಟ್ರು. ಉಪದೇಶಿಗಳಿಗೆ ಪಗಾರ ಎಲ್ಲಿಂದ ಬರಬೇಕು? ನಮ್ಮ ಮುತ್ಯಾ ಉಪದೇಶಿ ಇದ್ದ. ಆ ವರ್ಷಗಳ ಅವನ ವಹಿ ನನ್ನ ಕಡೆ ಐತಿ: "ನೇಕಾರರ ಓಣಿ, ಕಾಣಿಕೆ 2 ಆಣೆ, ಜ್ವಾಳ 1 ಸೇರು." ಆ ಜ್ವಾಳದಾಗ ಮನಿ ನಡಸ್ಯಾನ. ರವಿವಾರದ ಗಂಟಿ ಒಮ್ಮೆನೂ ತಪ್ಪಿಸಿಲ್ಲ ಅಂತ ನಮ್ಮಪ್ಪ ಹೇಳೂಮುಂದ ಅವನ ದನಿ ನಡಗತಿತ್ತು.

ದೀಕ್ಷಾಸ್ನಾನದ ರಿಜಿಸ್ಟರ್ ಮೊದಲ ನೋಡು. ನಾನು ಬೆಳೆದ ಸಭೆಯೊಳಗ ಅದನ್ನ ಗೆದ್ದಲ ತಿಂತು, ನಲವತ್ತು ವರ್ಷದ ಹೆಸರು ಹೋದವು. ಆ ಸಂಕಟ ನನಗ ಇನ್ನೂ ಹೋಗಿಲ್ಲ. ಹಳೇ ಫೋಟೋ ಬೇಕಂದ್ರ ಬಾಸೆಲ್‌ನ ಮಿಷನ್ ದಫ್ತರದವ್ರು ಇಂಟರ್ನೆಟ್ಟಿನಾಗ ಇಟ್ಟಾರ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೂ ಒಮ್ಮೆ ಹೋಗಿ ಬಾ.

ಬೆಟಗೇರಿ ಹುಡುಗಿ
ಮಾಸ್ತರ್ರ, ಇವತ್ತ ರಿಜಿಸ್ಟರ್ ತಗಸಿದೆ. ಒಂದ ಪುಟದಾಗ ಏಳು ಮಂದಿ, ಐದು ಮಂದಿಗೆ ಉದ್ಯೋಗ "ನೇಯಿಗೆ". ನಮ್ಮಜ್ಜಿಯ ಅಜ್ಜಿ ಹೆಸರೂ ಸಿಕ್ತು. ಓದಿ ಕಣ್ಣಾಗ ನೀರ ಬಂತ್ರಿ. ಆಕಿ ತಂದಿ ಹೆಸರಿನ ಜಾಗಾ ಮಾತ್ರ ಖಾಲಿ ಐತಿ. ಪುಸ್ತಕದಾಗ ಹಂಗ ಖಾಲಿ ಬಿಡ್ಲೇನ್ರಿ?

ಧಾರವಾಡದ ನಿವೃತ್ತ ಮಾಸ್ತರ
ಖಾಲಿನ ಬಿಡವ್ವಾ, ಯಾರರೆ ಕೇಳಿದ್ರ ರಿಜಿಸ್ಟರಿನಾಗ ಹಿಂಗ ಐತಿ ಅನ್ನು. ಆ ಪುಟದ ಫೋಟೋ ಇವತ್ತ ತಕ್ಕೊ, ನಾಳೆ ಅನಬ್ಯಾಡ.